ಪತಿಯ ಶಸ್ತ್ರಚಿಕಿತ್ಸೆ, ಪತ್ನಿಯ ಮಾತ್ರೆ

"ಅವರು ತಲೆ ಆಪರೇಷನ್ ಆಗಿ ಮಲಗಿರುವಾಗ ನನ್ನ ಶುಗರ್ ಮಾತು ಎತ್ತೋದು ಸ್ವಾರ್ಥ ಅಲ್ವಾ ಫಾದರ್?" ಆಸ್ಪತ್ರೆಗಳಿಗೆ ಭೇಟಿ ಕೊಡುವ ಗುರುಗಳಿಗೆ ಈ ಪ್ರಶ್ನೆ ಹೊಸದಲ್ಲ. ಕೇಳುವವರು ಸಾಮಾನ್ಯವಾಗಿ ಸ್ತ್ರೀಯರು. ಗಂಡಸರು ಕೇಳುವುದಿಲ್ಲ, ಸುಮ್ಮನೆ ತಮ್ಮ ಬಿ.ಪಿ. ಮಾತ್ರೆ ಬಿಟ್ಟುಬಿಡುತ್ತಾರೆ.

ಮೆದುಳಿನ ಗಡ್ಡೆ ತೆಗೆಯುವುದು ಕೆಲವು ಗಂಟೆಗಳ ಕೆಲಸ. ಆಮೇಲಿನದು ದೀರ್ಘ: ಐಸಿಯು, ಫಿಟ್ಸ್ ಬಾರದಂತೆ ಹೊತ್ತುಹೊತ್ತಿಗೆ ಔಷಧ, ಊತ ಇಳಿಸಲು ಡೆಕ್ಸಾಮೆಥಾಸೋನ್. ಈ ಮದ್ದಿನಿಂದ ರೋಗಿಯ ನಿದ್ರೆ ಕೆಡಬಹುದು, ಸಿಡುಕು ಹೆಚ್ಚಬಹುದು. ಮೆದುಳಿನ ಮುಂಭಾಗಕ್ಕೆ ತೊಂದರೆಯಾಗಿದ್ದರೆ ಸ್ವಭಾವವೇ ಬದಲಾದಂತೆ ಕಾಣಬಹುದು. ಇದನ್ನೆಲ್ಲ ತಿಂಗಳುಗಟ್ಟಲೆ ಹೊರುವ ಮಡದಿ ಇನ್ಸುಲಿನ್ ಚುಚ್ಚಿಕೊಂಡು ಊಟ ಬಿಟ್ಟರೆ, ಸಕ್ಕರೆ ಇಳಿದು ವಾರ್ಡಿನ ಹೊರಗಿನ ಬೆಂಚಿನ ಮೇಲೆಯೇ ಕುಸಿದಾಳು. ಇನ್ಸುಲಿನ್ನನ್ನೇ ಬಿಟ್ಟರೆ ಅಪಾಯ ಇನ್ನೊಂದು ಬಾಗಿಲಿನಿಂದ ಬರುತ್ತದೆ.

ತ್ಯಾಗವೆಂದರೆ ತನ್ನನ್ನು ಮರೆಯುವುದಲ್ಲವೇ ಎಂದು ನೀವು ಕೇಳಬಹುದು. ಸಂತ ಥಾಮಸ್ ಅಕ್ವಿನಾಸರು 'ಸುಮ್ಮಾ ಥಿಯೊಲಾಜಿಕಾ' ಗ್ರಂಥದಲ್ಲಿ ಪ್ರೀತಿಗೂ ಒಂದು ಕ್ರಮವಿದೆ ಎನ್ನುತ್ತಾರೆ. ನೆರೆಯವರ ಮೇಲಿನ ಪ್ರೀತಿಗೆ ಪ್ರಭು ಅಳತೆಗೋಲಾಗಿ ಇಟ್ಟದ್ದು ನಮ್ಮ ಮೇಲಿನ ಪ್ರೀತಿಯನ್ನೇ. ಆ ಕೋಲನ್ನೇ ಮುರಿದರೆ ಅಳೆಯುವುದು ಯಾವುದರಿಂದ? ಬಳಲಿ ಸಾವನ್ನೇ ಬೇಡಿದ ಎಲೀಯ ಪ್ರವಾದಿಗೆ ದೇವದೂತನು ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು. ಅದೂ ಎರಡು ಸಲ.

ಹಾಗೆಂದು ಎಲ್ಲದಕ್ಕೂ ಸಮಪಾಲು ಎಂದಲ್ಲ. ಶಸ್ತ್ರಚಿಕಿತ್ಸೆಯ ರಾತ್ರಿ ನಿದ್ರೆ ಕೆಡಲೇಬೇಕು. ಮಂಡಿನೋವಿನ ಚಿಕಿತ್ಸೆಯನ್ನು ಮುಂದೂಡಬೇಕಾದೀತು. ಇನ್ಸುಲಿನ್ನನ್ನು ಮುಂದೂಡಲಾಗದು. ಇದನ್ನು ವಿಂಗಡಿಸುವ ಗುಣಕ್ಕೇ ವಿವೇಕವೆಂದು ಹೆಸರು.

ಇದಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿದೆ. ತನ್ನ ಕಾಯಿಲೆಯನ್ನು ಪತಿಯಿಂದ ಮುಚ್ಚಿಡಬಹುದೇ? ಪ್ರಜ್ಞೆ ಪೂರ್ತಿ ಮರಳದ ದಿನಗಳಲ್ಲಿ ಹೇಳದಿರುವುದನ್ನು ಸುಳ್ಳೆನ್ನಲಾಗದು. ಆದರೆ ಆತ ದಿಂಬಿಗೊರಗಿ ಕುಳಿತು ಗಂಜಿ ಕುಡಿಯುವಷ್ಟಾದ ಮೇಲೆ? ವಿವಾಹ ಸಂಸ್ಕಾರದಲ್ಲಿ ಅನಾರೋಗ್ಯದಲ್ಲೂ ಜೊತೆಗಿರುವೆನೆಂದು ಮಾತು ಕೊಟ್ಟವರು ಇಬ್ಬರು. ರೋಗಿಯಾದ ಮಾತ್ರಕ್ಕೆ ಗಂಡನ ಮಾತು ರದ್ದಾಗುವುದಿಲ್ಲ. "ಊಟ ಆಯ್ತಾ? ಮಾತ್ರೆ ತಗೊಂಡ್ಯಾ?" ಎಂದು ಕೇಳುವ ಶಕ್ತಿ ಆತನಿಗೆ ಮರಳಿರುತ್ತದೆ. ಎಲ್ಲವನ್ನೂ ಮುಚ್ಚಿಟ್ಟರೆ, ಪತಿಯಾಗಿ ಆತನು ಮಾಡಬಲ್ಲ ಆ ಒಂದು ಕೆಲಸವನ್ನೂ ಕಸಿದುಕೊಂಡಂತೆ. ಹೇಳಿದರೆ ಆತ ಕೊರಗಿಯಾನು, ನಿಜ. ಕೊರಗುವುದೂ ದಾಂಪತ್ಯದ ಹಕ್ಕೇ.

ಹಣ್ಣು ಹಿಡಿದು ನೋಡಲು ಹೋಗುವ ಬಂಧುಗಳಿಗೆ ಒಂದು ಮಾತು. ಮಂಚದ ಪಕ್ಕದ ಸ್ಟೂಲಿನ ಮೇಲೆ ಎರಡು ತಾಸು ನೀವು ಕುಳಿತು, ಆಕೆಯನ್ನು ಊಟಕ್ಕೆ, ಆಕೆಯದೇ ಡಾಕ್ಟರ ಬಳಿಗೆ ಕಳುಹಿಸಿ. ಐಸಿಯು ದಿನಗಳಲ್ಲಿ ಒಳಗೆ ಬಿಡುವುದೇ ಸ್ವಲ್ಪ ಹೊತ್ತು. ಆಗ ಆಕೆ ಮಲಗಿಕೊಳ್ಳಲಿ. ಕಷ್ಟದ ಪಾಳಿ ಶುರುವಾಗುವುದು ಮನೆಗೆ ಬಂದ ಮೇಲೆ, ಬಂದುಹೋಗುವವರು ಕಡಿಮೆಯಾದಾಗ.