ಜೋಡಿಸುವುದೆಂದರೇನು?

ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿದ ಮಾತ್ರಕ್ಕೆ ಅವರ ನಡುವೆ ಸಂಬಂಧ ಏರ್ಪಟ್ಟಿತೆನ್ನಲಾಗದು. ಹಾಗಾದರೆ ಸಂಬಂಧಕ್ಕೆ ಬೇಕಾದುದೇನು? ಈ ಹಳೆಯ ಪ್ರಶ್ನೆಯ ಮೇಲೆ ಎಲೆಕ್ಟ್ರಾನಿಕ್ಸ್‌ನ ಒಂದು ಸಣ್ಣ ಕೆಲಸ ಬೆಳಕು ಚೆಲ್ಲುತ್ತದೆ.

1976ರಲ್ಲಿ ಬಂದ ಇಂಟೆಲ್ 8085 ಚಿಪ್ ನಮ್ಮ ನಾಡಿನ ಎಷ್ಟೋ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪಾಠದ ಭಾಗವಾಗಿತ್ತು. ಅದು ನಡೆಯುವುದು 5 ವೋಲ್ಟ್ ವಿದ್ಯುತ್ತಿನಲ್ಲಿ. 2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೊ ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡಿನ ಸಂಕೇತಗಳು 3.3 ವೋಲ್ಟಿನವು. ಹಳೆಯ ಚಿಪ್ಪುಗಳನ್ನು ಮತ್ತೆ ದುಡಿಸಬಯಸುವ ಹವ್ಯಾಸಿಗಳು ಇಂಥ ಹೊಸ ಬೋರ್ಡುಗಳನ್ನು ಅವುಗಳೊಡನೆ ಜೋಡಿಸುತ್ತಾರೆ.

ಇದಕ್ಕೆ ಎರಡು ನಿಯಮಗಳುಂಟು. ಮೊದಲನೆಯದಾಗಿ, ಎರಡರ 'ಗ್ರೌಂಡ್' ತಂತಿಗಳನ್ನು ಕೂಡಿಸಬೇಕು. ವೋಲ್ಟೇಜ್ ಎಂಬುದು ಎರಡು ಬಿಂದುಗಳ ನಡುವಿನ ಅಂತರ. ಸೊನ್ನೆ ಯಾವುದೆಂಬುದರಲ್ಲಿಯೇ ಒಮ್ಮತವಿಲ್ಲದಿದ್ದರೆ ಯಾವ ಸಂಕೇತಕ್ಕೂ ಅರ್ಥವಿಲ್ಲ. ಎರಡನೆಯದಾಗಿ, ಪ್ರಬಲವಾದುದು ತಗ್ಗಬೇಕು. 2 ವೋಲ್ಟ್ ದಾಟಿದ ಸಂಕೇತವನ್ನು 8085 'ಒಂದು' ಎಂದೇ ಗುರುತಿಸುವುದರಿಂದ ಪಿಕೊದ ಮೆಲುದನಿ ಅದಕ್ಕೆ ಕೇಳಿಸುತ್ತದೆ. ಹಳೆಯದರ ಏರುದನಿಯಾದರೋ ಹೊಸದನ್ನು ಕೆಡಿಸೀತು. ಆದುದರಿಂದ ನಡುವೆ ಲೆವೆಲ್ ಶಿಫ್ಟರ್ ಎಂಬ ಚಿಕ್ಕ ಬಿಡಿಭಾಗವನ್ನಿಟ್ಟು ವೋಲ್ಟೇಜನ್ನು ಇಳಿಸುತ್ತಾರೆ. ಇದರಿಂದ ಹಳೆಯ ಚಿಪ್ಪಿನ ಮಾತು ಎಳ್ಳಷ್ಟೂ ಬದಲಾಗದು. ಒಂದು ಒಂದಾಗಿಯೇ, ಸೊನ್ನೆ ಸೊನ್ನೆಯಾಗಿಯೇ ತಲುಪುತ್ತದೆ.

ಮನುಷ್ಯರ ನಡುವಿನ ಜೋಡಣೆಗೂ ಇವೇ ನಿಯಮಗಳಲ್ಲವೇ? ನಂಜನಗೂಡು ತಾಲ್ಲೂಕಿನ ಬದನವಾಳನ್ನು ನೆನೆಯೋಣ. 1927ರಲ್ಲಿ ಗಾಂಧೀಜಿ ಭೇಟಿಯಿತ್ತ, ಖಾದಿಗೆ ಹೆಸರಾದ ಊರು ಅದು. ಅಲ್ಲಿಯೇ 1993ರಲ್ಲಿ, ದೇವಾಲಯ ಪ್ರವೇಶದ ವಿವಾದದ ಹಿನ್ನೆಲೆಯಲ್ಲಿ, ಮೂವರು ದಲಿತರ ಕೊಲೆಯಾಯಿತು. ಎರಡು ಕೇರಿಗಳ ನಡುವಣ ದಾರಿ ಬಹುಕಾಲ ಬಳಕೆ ತಪ್ಪಿತು. ಆ ದಾರಿಯನ್ನು ಹೊಸದಾಗಿ ಹಾಸಿ, 2022ರ ಅಕ್ಟೋಬರ್ 2ರಂದು ದಲಿತರೂ ಲಿಂಗಾಯತರೂ ಒಟ್ಟಿಗೆ ಕುಳಿತು ಊಟ ಮಾಡಿದರು.

ಇದು ಸಣ್ಣ ಸಂಗತಿಯಲ್ಲ. ಆದರೆ ದಾರಿಯೆಂಬುದು ತಂತಿ ಮಾತ್ರ. ಮನುಷ್ಯರೆಲ್ಲರ ಬೆಲೆ ಒಂದೇ ಎಂಬ ಸಮಾನ ನೆಲೆ ಇಲ್ಲದಿದ್ದರೆ ಅದರಲ್ಲಿ ಮಾತು ಹರಿಯದು. ಸಮಾಧಾನದ ಹೆಸರಿನಲ್ಲಿ ತಗ್ಗಿ ನಡೆಯಿರೆಂದು ನಾವು ಸಾಮಾನ್ಯವಾಗಿ ಬೋಧಿಸುವುದು ನೊಂದವರಿಗೆ. ನ್ಯಾಯ ಕೇಳುವುದು ಬೇರೆ. ತಗ್ಗಬೇಕಾದವರು ಇಷ್ಟು ಕಾಲ ಏರುದನಿಯಲ್ಲಿ ಮಾತನಾಡಿದವರು.

ನಮ್ಮ ಮನೆಗಳಲ್ಲಿಯೂ ಹಿರಿಯರು ಕಿರಿಯರ ನಡುವೆ ಮಾತು ಕಡಿದಾಗ, ಯಾರು ಸರಿ ಎಂದು ಕೇಳುವುದಕ್ಕೆ ಮುನ್ನ, ಯಾರ ದನಿ ಯಾರನ್ನು ಸುಡುತ್ತಿದೆ ಎಂದು ಕೇಳಿಕೊಳ್ಳೋಣ. ದನಿ ಇಳಿಸಿದ ಮಾತ್ರಕ್ಕೆ ಸತ್ಯ ಕಿರಿದಾಗುವುದಿಲ್ಲ. ಕೇಳುವವರನ್ನು ಉಳಿಸಿಕೊಂಡು ತಲುಪುತ್ತದೆ.