ಟ್ಯಾಬ್ ದಾನವು ಜ್ಞಾನದಾನವಾಗುವುದು ಯಾವಾಗ?

ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕೆ ಕನ್ನಡ ನಾಡಿನಲ್ಲಿ ವಿಶೇಷವಾದ ಗೌರವವಿದೆ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಸಂಗತಿ ನಮ್ಮ ಮನೆಗಳ ಮಕ್ಕಳಿಗೂ ತಿಳಿದಿದೆ. ಅದೇ ಪರಂಪರೆಯ ಮುಂದುವರಿಕೆಯಾಗಿ ಬಸದಿಗಳ ಆಡಳಿತ ಮಂಡಳಿಗಳೂ ಶ್ರೀಮಂತ ಶ್ರಾವಕರೂ ಪಠ್ಯಪುಸ್ತಕ, ವಿದ್ಯಾರ್ಥಿವೇತನಗಳನ್ನು ನೀಡುತ್ತ ಬಂದಿದ್ದಾರೆ. ಈಗ ಪುಸ್ತಕದ ಸ್ಥಾನದಲ್ಲಿ ಟ್ಯಾಬ್ಲೆಟ್ ಗಣಕಯಂತ್ರವನ್ನು, ಅಂದರೆ ರೂಢಿಯ ಮಾತಿನ ಟ್ಯಾಬನ್ನು ಕೊಡಬೇಕೆಂಬ ಅಪೇಕ್ಷೆ ಶಾಲೆಗಳಿಂದಲೂ ದಾನಿಗಳಿಂದಲೂ ಕೇಳಿಬರುತ್ತದೆ. ಈ ಯಂತ್ರವನ್ನು ಕೊಟ್ಟ ಮಾತ್ರಕ್ಕೆ ಜ್ಞಾನವನ್ನು ಕೊಟ್ಟಂತಾಗುವುದೇ?

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ದಾನದ ತಾರತಮ್ಯವನ್ನು ನಾಲ್ಕು ಅಂಗಗಳಿಂದ ನಿರ್ಣಯಿಸುತ್ತದೆ. ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವ ದಾತೃ, ಪಡೆಯುವ ಪಾತ್ರ. ಮುನಿಗಳಿಗೆ ನೀಡುವ ಆಹಾರದ ಸಂದರ್ಭದಲ್ಲಿ ಈ ನಾಲ್ಕನ್ನೂ ನಾವು ಎಷ್ಟು ಎಚ್ಚರದಿಂದ ಪಾಲಿಸುತ್ತೇವೆ! ಶಾಲೆಯ ಮಗುವಿಗೆ ಕೊಡುವಾಗಲೂ ಅದೇ ಎಚ್ಚರ ಬೇಕಲ್ಲವೇ?

ಮೊದಲು ದ್ರವ್ಯ. ತಾಳೆಯ ಓಲೆಯು ಒಮ್ಮೆ ಬರೆದರೆ ಶತಮಾನಗಳ ಕಾಲ ಬಾಳುತ್ತದೆ. ಟ್ಯಾಬಿನ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸೊರಗುತ್ತದೆ. ಆಮೇಲೆ ಅದು ವಿಷಯುಕ್ತ ಕಸ. ಇದಕ್ಕಿಂತಲೂ ಗಂಭೀರವಾದ ವಿಚಾರ ಮತ್ತೊಂದಿದೆ. ಇಂತಹ ಯಂತ್ರಗಳ ಬ್ಯಾಟರಿಗಳಲ್ಲಿ ಬಳಕೆಯಾಗುವ ಕೋಬಾಲ್ಟ್ ಲೋಹದ ಬಹುಭಾಗ ಆಫ್ರಿಕದ ಕಾಂಗೋ ದೇಶದಿಂದ ಬರುತ್ತದೆ. ಅಲ್ಲಿಯ ಗಣಿಗಳಲ್ಲಿ ಏಳು ವರ್ಷದ ಮಕ್ಕಳೂ ದುಡಿಯುತ್ತಿರುವುದನ್ನು ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯು 2016ರ ವರದಿಯಲ್ಲಿ ಬಯಲು ಮಾಡಿತು. ಒಂದು ಮಗುವಿನ ವಿದ್ಯೆಗಾಗಿ ಮತ್ತೊಂದು ಮಗುವಿನ ಬಾಲ್ಯವನ್ನು ತೆರುವಂತಾದರೆ ಆ ದ್ರವ್ಯವನ್ನು ಶುದ್ಧವೆಂದು ಹೇಗೆ ಕರೆಯೋಣ? ಹಿಂಸೆಯನ್ನು ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆಯಾಗಿ ಗುರುತಿಸಿದ ಧರ್ಮ ನಮ್ಮದು. ದೂರದೇಶದಲ್ಲಿ ಅನ್ಯರು ಮಾಡಿದ್ದೆಂದು ಕೈ ತೊಳೆದುಕೊಳ್ಳುವಂತಿಲ್ಲ.

ಹಾಗೆಂದು ಗೃಹಸ್ಥನು ಯಂತ್ರವನ್ನೇ ಮುಟ್ಟಬಾರದೆಂದಲ್ಲ. ನಮ್ಮೆಲ್ಲರ ಜೇಬಿನ ಮೊಬೈಲಿಗೂ ಈ ಮಾತು ಅನ್ವಯಿಸುತ್ತದೆ. ಅನಿವಾರ್ಯವಾದ ಹಿಂಸೆ ಬೇರೆ, ಅನರ್ಥದಂಡ ಬೇರೆ. ಬಳಕೆಯಾಗದೆ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ಕೂರುವ ಟ್ಯಾಬು ಅನರ್ಥದಂಡವೇ ಸರಿ. ಇಪ್ಪತ್ತು ಮಕ್ಕಳು ಸರದಿಯಂತೆ ಬಳಸಿ, ಕೆಟ್ಟಾಗ ರಿಪೇರಿ ಮಾಡಿಸಿ, ಪೂರ್ಣ ಆಯುಷ್ಯದವರೆಗೆ ದುಡಿಸಿಕೊಂಡ ಟ್ಯಾಬಿನ ಲೆಕ್ಕವೇ ಬೇರೆ. ಅಪರಿಗ್ರಹವು ಶಾಲೆಗೂ ಸಲ್ಲುವ ವ್ರತ.

ಇನ್ನು ಪಾತ್ರ. ಎಲ್ಲ ಮಕ್ಕಳ ಅಗತ್ಯವೂ ಒಂದೇ ಅಲ್ಲ. ಕಣ್ಣು ಕಾಣದ ಮಗುವಿಗೆ ಪಾಠವನ್ನು ಗಟ್ಟಿಯಾಗಿ ಓದಿ ಹೇಳುವ ಯಂತ್ರವು ನಿಜವಾಗಿಯೂ ಕಣ್ಣಾಗಬಲ್ಲುದು. ಕಲಿಕೆಯಲ್ಲಿ ಹಿಂದುಳಿದ ಮಗುವಿಗೂ ಪ್ರಯೋಜನವುಂಟು. ದೆಹಲಿಯಲ್ಲಿ ಆರರಿಂದ ಒಂಬತ್ತನೆಯ ತರಗತಿಯ ಮಕ್ಕಳಿಗೆ ಶಾಲೆಯ ಅವಧಿಯ ನಂತರ ಗಣಕಯಂತ್ರದ ಮೂಲಕ ಅವರವರ ಮಟ್ಟಕ್ಕೆ ತಕ್ಕ ಪಾಠವನ್ನು ಒದಗಿಸಿದ ಪ್ರಯೋಗವೊಂದರ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿಯೂ ಹಿಂದಿಯಲ್ಲಿಯೂ ಆ ಮಕ್ಕಳು ಗಮನಾರ್ಹ ಪ್ರಗತಿ ತೋರಿದರು. ಆದರೆ ಆ ಕೇಂದ್ರಗಳಲ್ಲಿ ಅರ್ಧ ಸಮಯ ಯಂತ್ರದ ಮುಂದೆ, ಉಳಿದರ್ಧ ಸಮಯ ಚಿಕ್ಕ ಗುಂಪಿನಲ್ಲಿ ಮನುಷ್ಯನೊಬ್ಬನ ಮುಂದೆ ಕಳೆಯುತ್ತಿತ್ತೆಂಬುದನ್ನು ಮರೆಯಬಾರದು. ಮಗು ಎಲ್ಲಿ ನಿಂತಿದೆಯೋ ಅಲ್ಲಿಂದ ಪಾಠ ಆರಂಭವಾದದ್ದೇ ಆ ಸಾಧನೆಯ ಗುಟ್ಟು.

ವಿಧಿಯ ವಿಷಯದಲ್ಲಿ ಎರಡು ದೇಶಗಳ ಅನುಭವವನ್ನು ಹೋಲಿಸಬಹುದು. ಅಮೆರಿಕದ ಲಾಸ್ ಏಂಜಲೀಸ್ ನಗರದ ಶಾಲಾಮಂಡಳಿಯು 2013ರಲ್ಲಿ ತನ್ನ ವಿದ್ಯಾರ್ಥಿಗಳೆಲ್ಲರಿಗೂ ಐಪ್ಯಾಡ್ ಕೊಡುವ ಬೃಹತ್ ಯೋಜನೆಯನ್ನು ಆರಂಭಿಸಿತು. ಕೆಲವೇ ವಾರಗಳಲ್ಲಿ ಮಕ್ಕಳು ಅದರ ನಿರ್ಬಂಧಗಳನ್ನು ಮುರಿದು ಮನಬಂದಂತೆ ಬಳಸತೊಡಗಿದರು. ಪಾಠದ ಸಾಮಗ್ರಿಯೂ ಪೂರ್ಣವಾಗಿ ಸಿದ್ಧವಿರಲಿಲ್ಲ. ಮರುವರ್ಷವೇ ಆ ಒಪ್ಪಂದವನ್ನು ಕೈಬಿಡಬೇಕಾಯಿತು. ಕೀನ್ಯಾ ದೇಶವು ಬೇರೆ ದಾರಿ ಹಿಡಿಯಿತು. 2015ರಲ್ಲಿ ಮೊದಲಾದ ತುಸೋಮೆ ಎಂಬ ಓದು-ಬರಹದ ಯೋಜನೆಯಲ್ಲಿ ಮಕ್ಕಳ ಕೈಗೆ ಮುದ್ರಿತ ಪುಸ್ತಕಗಳನ್ನು ಕೊಟ್ಟು, ಶಾಲೆಗಳಿಗೆ ಭೇಟಿಯಿತ್ತು ಶಿಕ್ಷಕರನ್ನು ತಿದ್ದುವ ಮಾರ್ಗದರ್ಶಕರ ಕೈಗೆ ಟ್ಯಾಬ್ ಕೊಟ್ಟರು. ವೆಚ್ಚ ಕಡಿಮೆಯಾಯಿತು, ಮಕ್ಕಳ ಓದು ಸುಧಾರಿಸಿತು. ಒಂದೆಡೆ ಯಂತ್ರವು ಶಿಕ್ಷಕನನ್ನು ದಾಟಿ ಮಗುವಿಗೆ ತಲುಪಿತು. ಇನ್ನೊಂದೆಡೆ ಶಿಕ್ಷಕನ ಮೂಲಕ ತಲುಪಿತು. ವಿಧಿಯೆಂದರೆ ಇದೇ.

ಇಲ್ಲೊಂದು ಆಕ್ಷೇಪ ಬರಬಹುದು. 2020ರಲ್ಲಿ ಕೊರೊನಾ ಕಾರಣದಿಂದ ಶಾಲೆಗಳು ಮುಚ್ಚಿದಾಗ ಉಳ್ಳವರ ಮಕ್ಕಳು ಮನೆಯಲ್ಲೇ ಪಾಠ ಕೇಳಿದರು, ಇಲ್ಲದವರ ಮಕ್ಕಳು ವಂಚಿತರಾದರು. ಆಗ ಟ್ಯಾಬ್ ಕೊಟ್ಟವರು ಪುಣ್ಯವಂತರಲ್ಲವೇ? ಅಹುದು, ಆ ಆಪತ್ಕಾಲದಲ್ಲಿ ಅದು ದೊಡ್ಡ ಉಪಕಾರ. ಆದರೆ ಅದೇ ವರ್ಷ ನಮ್ಮ ರಾಜ್ಯದ ವಿದ್ಯಾಗಮ ಕಾರ್ಯಕ್ರಮದಲ್ಲಿ ಸರ್ಕಾರಿ ಶಾಲೆಗಳ ಶಿಕ್ಷಕರು ದೇವಸ್ಥಾನದ ಜಗುಲಿಯಲ್ಲಿ, ಮರದ ನೆರಳಿನಲ್ಲಿ ಮಕ್ಕಳನ್ನು ಕೂಡಿಸಿ ಪಾಠ ಹೇಳಿದ್ದನ್ನೂ ನೆನೆಯಬೇಕು. ಯಂತ್ರವಿಲ್ಲದ ಮಗುವಿನ ಬಳಿಗೆ ಗುರುವೇ ನಡೆದುಹೋದನು.

ಕೊನೆಯದು ದಾತೃ. ದಾತೃವಿನ ಸಪ್ತಗುಣಗಳಲ್ಲಿ ವಿಜ್ಞಾನವೂ ಒಂದು, ಅಂದರೆ ಯಾರಿಗೆ ಏನು ಹಿತವೆಂಬ ತಿಳಿವಳಿಕೆ. ಟ್ಯಾಬ್ ವಿತರಣೆಯ ಸಮಾರಂಭವು ಕಣ್ಣಿಗೆ ಚೆನ್ನ. ವೇದಿಕೆ, ಹಾರ, ಭಾವಚಿತ್ರಗಳಿಗೆ ಅನುಕೂಲ. ಒಬ್ಬ ಗಣಿತದ ಶಿಕ್ಷಕನಿಗೆ ಪ್ರತಿ ತಿಂಗಳು ಗೌರವಧನ ಕೊಡುವ ದಾನಕ್ಕೆ ಭಾವಚಿತ್ರವಿಲ್ಲ. ಆದ್ದರಿಂದಲೇ ಮೊದಲನೆಯದು ನಮ್ಮನ್ನು ಬೇಗ ಸೆಳೆಯುತ್ತದೆ. ಮಾನಕಷಾಯವು ಧರ್ಮದ ವೇಷದಲ್ಲಿ ಬರುವುದು ಇಂತಹ ಎಡೆಗಳಲ್ಲಿಯೇ.

ಆದುದರಿಂದ ಟ್ರಸ್ಟಿನ ಸದಸ್ಯರು ಹಣ ಮಂಜೂರು ಮಾಡುವ ಮುನ್ನ ಶಾಲೆಗೆ ಒಮ್ಮೆ ಹೋಗಿ ಕೇಳಬೇಕು. ಈ ಯಂತ್ರದಿಂದ ಯಾವ ಮಗು ಏನನ್ನು ಕಲಿಯಬೇಕಾಗಿದೆ? ಕಲಿಸುವವರು ಯಾರು? ಕೆಟ್ಟಾಗ ರಿಪೇರಿ ಮಾಡಿಸುವವರು ಯಾರು? ಮುಂದಿನ ವರ್ಷ ನಾವು ಬಂದು ನೋಡಬಹುದೇ? ಸಮಾಧಾನಕರವಾದ ಉತ್ತರ ದೊರೆತರೆ ಸಂತೋಷದಿಂದ ಕೊಡೋಣ, ಎಷ್ಟು ಬೇಕೋ ಅಷ್ಟನ್ನೇ ಕೊಡೋಣ. ದೊರೆಯದಿದ್ದರೆ ಅದೇ ಹಣವನ್ನು ಗ್ರಂಥಾಲಯಕ್ಕೋ ಶಿಕ್ಷಕನ ಗೌರವಧನಕ್ಕೋ ಮೀಸಲಿಡೋಣ. ಅತ್ತಿಮಬ್ಬೆಯು ಸಾವಿರ ಕಟ್ಟು ಬರಿಯ ಓಲೆಗಳನ್ನು ಹಂಚಲಿಲ್ಲ. ಅಕ್ಷರ ತುಂಬಿದ ಓಲೆಗಳನ್ನು ಹಂಚಿದಳು. ಟ್ಯಾಬು ಈ ಕಾಲದ ಬರಿಯ ಓಲೆ. ಅದರಲ್ಲಿ ಅಕ್ಷರ ತುಂಬುವ ಗುರುವನ್ನೂ ಜೊತೆಗೆ ಕೊಡುವ ಹೊಣೆ ದಾನಿಯದು.