ಖಾಲಿ ತೊಟ್ಟಿ

ರೋಗ ಬಂದು ಮೀನೆಲ್ಲ ಸತ್ತ ಗಾಜಿನ ತೊಟ್ಟಿಗೆ ಬ್ಲೀಚ್ ಸುರಿಯುವಾಗ ನಾವು ಅದನ್ನು ಯಾರಿಗಾಗಿ ಮಾಡುತ್ತೇವೆ? ಸತ್ತವಕ್ಕೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಮುಂದೆ ಬರುವ ಮೀನಿಗಾಗಿ ಎನ್ನುವುದು ಸಿದ್ಧ ಉತ್ತರ. ಅದು ಪೂರ್ತಿ ನಿಜವೆಂದು ನನಗೆ ಅನಿಸುವುದಿಲ್ಲ.

ಪೆರೇಸಂದ್ರದ ಸುತ್ತಮುತ್ತ, ಶಿಡ್ಲಘಟ್ಟದ ಕಡೆಗೆಲ್ಲ, ಈ ಪ್ರಶ್ನೆ ಹೊಸದಲ್ಲ. ರೇಷ್ಮೆ ಸಾಕುವವರು ಬೆಳೆ ಮುಗಿದ ಮೇಲೆ ಹುಳುಮನೆ ತೊಳೆದು ಬ್ಲೀಚಿಂಗ್ ಪುಡಿ, ಸುಣ್ಣದ ದ್ರಾವಣ ಸಿಂಪಡಿಸುತ್ತಾರೆ. ತಟ್ಟೆ, ಚಂದ್ರಿಕೆಗಳನ್ನೂ ಬಿಡುವುದಿಲ್ಲ. ಗಂಟುರೋಗವಂತೂ ತಾಯಿಚಿಟ್ಟೆಯಿಂದ ಮೊಟ್ಟೆಗೇ ಇಳಿಯುತ್ತದೆ. 1865ರಲ್ಲಿ ಫ್ರಾನ್ಸಿನ ಆಲೆಸ್‌ಗೆ ಹೋದ ಲೂಯಿ ಪಾಶ್ಚರ್ ಮುಂದೆ ತೋರಿಸಿಕೊಟ್ಟ ದಾರಿಯೇ ಇಂದಿಗೂ ನಡೆದಿದೆ: ಮೊಟ್ಟೆಯಿಟ್ಟ ತಾಯಿಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ರೋಗಾಣು ಕಂಡರೆ ಅದರ ಮೊಟ್ಟೆಗಳನ್ನೆಲ್ಲ ನಾಶಮಾಡುವುದು. ಕ್ರೂರವಾದರೂ ಲೆಕ್ಕ ಸ್ಪಷ್ಟ. (ಇಷ್ಟು ಜತನದಿಂದ ಕಾಯ್ದ ಹುಳುವನ್ನು ಕೊನೆಗೆ ಗೂಡಿನೊಳಗೇ ಬೇಯಿಸುತ್ತೇವೆ. ಹಾಗಾಗಿ ಆ ಜತನವನ್ನು ಕರುಣೆ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.)

ತೊಟ್ಟಿಯ ಲೆಕ್ಕ ಅಷ್ಟು ಸುಲಭವಲ್ಲ. ಮೈಮೇಲೆ ಉಪ್ಪು ಉದುರಿಸಿದಂತೆ ಕಾಣುವ ಬಿಳಿಚುಕ್ಕೆ ರೋಗದ ಪರಾವಲಂಬಿಗೆ ಮೀನಿಲ್ಲದೆ ಬದುಕಿಲ್ಲ. ಬೆಚ್ಚನೆಯ ನೀರಿರುವ ತೊಟ್ಟಿಯನ್ನು ಸಾಕಷ್ಟು ದಿನ ಖಾಲಿ ಬಿಟ್ಟರೆ ತಾನೇ ಸಾಯುತ್ತದೆ. ಮೀನಿನ ಕ್ಷಯದ ಬ್ಯಾಕ್ಟೀರಿಯ ಹಾಗಲ್ಲ. ಮೇಣದಂಥ ಹೊದಿಕೆಯಿರುವ ಅದು ಕ್ಲೋರಿನ್ನಿಗೂ ಬೇಗ ಬಗ್ಗುವುದಿಲ್ಲ, ತೊಳೆಯುವವರ ಕೈಗಾಯದೊಳಕ್ಕೂ ಇಳಿಯಬಲ್ಲದು. ಅಂದರೆ ಒಂದಕ್ಕೆ ಬ್ಲೀಚ್ ಬೇಕಿಲ್ಲ, ಇನ್ನೊಂದಕ್ಕೆ ಅದು ಸಾಲದೆಯೂ ಹೋಗಬಹುದು. ಆದರೂ ಯಾವ ರೋಗವೆಂದು ಕೇಳುವ ಮೊದಲೇ ಕೈ ಬಾಟಲಿಗೆ ಹೋಗುತ್ತದೆ. ಸಾವಿನ ಗುರುತನ್ನು ಅಳಿಸುವ ಅವಸರ ಅದು. ಅಲ್ಲಿ ಮುಂದಿನ ಮೀನು ನೆಪ ಮಾತ್ರ.

ಬ್ಲೀಚ್ ಒಳ್ಳೆಯದು ಕೆಟ್ಟದ್ದು ಎಂದು ಆರಿಸುವುದಿಲ್ಲ. ಮೀನು ಹೊರಬಿಡುವ ಅಮೋನಿಯವನ್ನು ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಗಳು ಫಿಲ್ಟರಿನ ಸ್ಪಂಜಿನಲ್ಲಿ ವಾರಗಟ್ಟಲೆ ಕೂತು ಬೆಳೆದಿರುತ್ತವೆ, ಅವೂ ಹೋಗುತ್ತವೆ. ತೊಟ್ಟಿ ಫಳಫಳ ಹೊಳೆಯುತ್ತದೆ, ಹೊಸ ಮೀನು ತನ್ನದೇ ಅಮೋನಿಯದಲ್ಲಿ ಸಾಯುತ್ತದೆ. ಇಷ್ಟು ತೊಳೆದರೂ ಹೀಗಾಯಿತಲ್ಲ ಎಂದು ಮನೆಯವರೆಲ್ಲ ಬೆರಗಾಗುತ್ತಾರೆ.

ಊರಿನ ಹೆಸರಲ್ಲಿರುವ 'ಸಂದ್ರ' ಸಮುದ್ರದಿಂದ ಬಂದದ್ದು, ಅಂದರೆ ದೊಡ್ಡ ಕೆರೆ. ಕೆರೆಯನ್ನು ಯಾರೂ ತಿಕ್ಕಿ ತೊಳೆಯುವುದಿಲ್ಲ. ಮೀನು ಸಾಕುವ ಕೊಳವನ್ನೂ ಬರಿದು ಮಾಡಿ, ಬಿಸಿಲಿಗೆ ಬಿಟ್ಟು, ಸುಣ್ಣ ಹಾಕಿ ಕಾಯುತ್ತಾರೆ. ಬ್ಲೀಚ್ ಹಾಕಿದ ತೊಟ್ಟಿ ಮತ್ತೆ ಹದಕ್ಕೆ ಬರಲೂ ನಾಲ್ಕಾರು ವಾರ ಬೇಕು. ಆ ವಾರಗಳಲ್ಲಿ ಅದರೊಳಗೆ ನೋಡಲು ಏನೂ ಇರುವುದಿಲ್ಲ. ಫಿಲ್ಟರ್ ಸುಮ್ಮನೆ ಗುಳುಗುಳು ಎನ್ನುತ್ತಿರುತ್ತದೆ.